ಕೆಂಪು ವಸ್ತ್ರದಾಗ ಕಟ್ಟಿದ ನಗಿ ಪುಸ್ತಕ

ಹೋದ ತಿಂಗಳ ನಾ ಒಂದು ಹುಚ್ಚು ಕೆಲಸ ಮಾಡೀನಿ. ಮೊದಲ ಒಪ್ಕೊಂಡು ಬಿಡ್ತೀನಿ, ಆಮ್ಯಾಲ ಬೇಕಾದಷ್ಟು ನಗ್ರಿ. ನಾನೇ ಬರದ ನಗಿ ಪುಸ್ತಕದ ನಲವತ್ತು ಪ್ರತಿ ಕೆಂಪು ವಸ್ತ್ರದಾಗ ಕಟ್ಕೊಂಡು, ಹಣಿಗೆ ಮೂರು ಬಟ್ಟು ವಿಭೂತಿ ಹಚ್ಕೊಂಡು, ಕಮಲಾಪುರಕ್ಕ ಭಾಷಣ ಮಾಡಾಕ ಹೋಗಿದ್ದೆ.

ಇದರಾಗ ತಪ್ಪೇನು ಅಂತೀರಿ? ಪುರಾಣದ ಹೊತ್ತಿಗಿ ಯಾವ ಬಣ್ಣದ ವಸ್ತ್ರದಾಗ ಕಟ್ಟಿರ್ತಾರ, ನೆನಪ ಮಾಡ್ಕೊಳ್ರಿ.

(ನನಗ ನೆನಪಾಗಲಿಲ್ಲ. ಗ್ರಂಥಕರ್ತ ಅಂದ್ರ ನೋಡಾಕ ವಜನ ಇರಬೇಕು ಅನ್ನೋದೊಂದ ತಲ್ಯಾಗಿತ್ತು.)

ಖರೇ ಹೇಳಬೇಕಂದ್ರ ಇದು ನಮ್ಮ ವೈನಿಯಿಂದ, ಅಂದ್ರ ಅಣ್ಣನ ಹೆಂಡತಿಯಿಂದ, ಸುರು ಆದದ್ದು. ನಾ ಇರೋದು ಕಲಬುರ್ಗಿ ಒಳಗ, ಅಣ್ಣನ ಮನ್ಯಾಗ. ಅಲ್ಲಿ ಜೋಳ ತುಂಬಿಡೋ ಖೋಲ್ಯಾಗ ನನ್ನ ಪುಸ್ತಕದ ಗಂಟು ಕುಂತು ವರ್ಷ ಆತು. ಅಂಗಡ್ಯಾವರು ಯಾರೂ ಇಟ್ಕೊಳ್ಳಲಿಲ್ಲ. ಇಲಿ ಮಾತ್ರ ಮೊದಲನೇ ಅಧ್ಯಾಯ ಪೂರಾ ಮುಗಿಸ್ಯಾವ.

ಹೊಸ ಜೋಳ ಬರೋ ಹೊತ್ತಾತು ಅಂತ ವೈನಿ ಒಂದು ಕರಾರು ಹಾಕಿದ್ರು. ಅಷ್ಟರಾಗ ಯಾರರ ಒಬ್ಬರು ತಾವಾಗೇ ಕೇಳಿ, ರೊಕ್ಕಾ ಕೊಟ್ಟು ಒಂದ ಒಂದು ಪುಸ್ತಕ ತಗೊಂಡ್ರ ಸಾಕು, ಗಂಟು ಅಟ್ಟದ ಮ್ಯಾಲ ಇಡ್ತಾರಂತ. ಇಲ್ಲಾಂದ್ರ ಕಿರಾಣಿ ಅಂಗಡಿಗೆ. ಪುಕ್ಕಟೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ಅಣ್ಣ ತಗೊಂಡ್ರೂ ನಡ್ಯಂಗಿಲ್ಲ.

ನನ್ನ ಪುಸ್ತಕದ ಹಾಳಿಯೊಳಗ ಜೀರಿಗಿ ಕಟ್ಟಿ ಕೊಡೋದು ನಾ ನೋಡಬೇಕಾ? ಸಾಧ್ಯನ ಇಲ್ಲ. ಮಾರೇ ತೀರ್ತೀನಿ ಅಂತ ನಿಂತೆ.

ಈಗ ಕಾಲಾನೂ ಚಲೋ ಅದ. ನಿಜಾಮರ ರಾಜ್ಯದಾಗ ಒಂದು ಸಭಾ ಕೂಡಸಬೇಕಂದ್ರ ಸರ್ಕಾರದ ಇಜಾಜತ್ ಬೇಕಿತ್ತು. ಪೊಲೀಸ್ ಆಕ್ಷನ್ ಆದಮ್ಯಾಲ ಯಾರು ಬೇಕಾದ್ರೂ ಭಾಷಣ ಮಾಡಬಹುದು. ಹಂಗಾಗಿ ನನ್ನಂಥಾವನ್ನೂ ಕರೀತಾರ. ಕಮಲಾಪುರದಾಗ ಹೊಸಾ ಕನ್ನಡ ವಾಚನಾಲಯ ತೆರೆದೀವಿ, ಬಂದು ನಾಕು ಮಾತು ಹೇಳ್ರಿ ಅಂತ ಅಲ್ಲಿ ಸೆಕ್ರೆಟರಿ ಕಾಗದ ಬರೆದಿದ್ರು. ಭಾಷಣ ನಾಕು ಮಾತು, ಆಮ್ಯಾಲ ಪುಸ್ತಕ ಎಂಟಾಣೆ. ಪ್ಲ್ಯಾನು ಪಕ್ಕಾ ಇತ್ತು.

ಮೋಟಾರ್ ಇಳದೆ. ಗಂಟು ವಾಚನಾಲಯದ ಟೇಬಲ್ ಮ್ಯಾಲ ಇಟ್ಟೆ. ಸೆಕ್ರೆಟರಿ ಚಹಾ ಕುಡಸಾಕ ಕರಕೊಂಡು ಹೋದ್ರು. ತಿರುಗಿ ಬಂದು ನೋಡ್ತೀನಿ, ಗಂಟಿಗೆ ವಿಭೂತಿ, ಕುಂಕುಮ, ಸೇವಂತಿಗಿ ಹೂವು. ಮುಂದ ಒಡದ ತೆಂಗಿನಕಾಯಿ. ಆ ಊರಿನ ಕೆಂಪು ಬಾಳೆಹಣ್ಣು ಎರಡು. ಊದಿನಕಡ್ಡಿ ಹೊಗಿ ಮಾಳಗಿ ಮುಟ್ಟೇದ.

ಬಾಳೆಹಣ್ಣು ಮಾರೋ ಶರಣಮ್ಮ ಅಂತ ಒಬ್ಬ ಹೆಣ್ಮಗಳು. ಪೂಜಾ ಆಕೀದ. ನನ್ನ ಹಣಿ ನೋಡಿ, ವಸ್ತ್ರ ನೋಡಿ, ಪುರಾಣ ಹೇಳಾಕ ಬಂದಾರ ಅಂತ ತಿಳಕೊಂಡಾಳ. ಕಾಲಿಗೆ ಬಿದ್ದು, "ಶಾಸ್ತ್ರಿಗಳ್ರಿ, ನಮ್ಮೂರಿಗೆ ಬಂದ್ರಿ, ಪುಣ್ಯಾ ಆತ್ರಿ" ಅಂದ್ಳು.

ಆವಾಗರ ಬಾಯಿ ಬಿಡಬೇಕಿಲ್ಲೋ? ಬಿಡಲಿಲ್ಲ. (ಜನ್ಮದಾಗ ಮೊದಲನೇ ಸಲ ಒಬ್ಬರು ನನ್ನ ಕಾಲಿಗೆ ಬಿದ್ದಿದ್ರು. ಮೊದಲ ಅದನ್ನ ಅನುಭವಿಸೋಣ ಅಂತ.)

ಭಾಷಣದಾಗ ಪುಸ್ತಕದೊಳಗಿನ ಕಥೀನೇ, ಉರ್ದು ಸಾಲಿಯೊಳಗ ಮಾಸ್ತರ ಮುನ್ಷಿಯವರಿಗೆ ಸುಳ್ಳು ಹೇಳಿ ರಜಾ ತಗೊಳ್ಳಾಕ ನಮ್ಮಜ್ಜನ್ನ ಮೂರು ಸಲ ಸಾಯಿಸಿದ್ದು, ನಾಕನೇ ಸಲ ಅಜ್ಜ ಸ್ವತಾ ಸಾಲಿಗೆ ಬಂದದ್ದು ಹೇಳಿದೆ. ಒಬ್ಬರೂ ನಗಲಿಲ್ಲ. ಮುಂದ ಕುಂತ ಹಿರಿಯರು ಕಣ್ಣು ಮುಚ್ಚಿ ಕೈ ಮುಗದಿದ್ರು. ಅಜ್ಜ ಬಂದ ಅಂದಾಗ ಒಬ್ಬರ ಕಣ್ಣಾಗ ನೀರು.

ಇನ್ನ ರೇಟು ಹೇಳಬೇಕು ಅನ್ನೋದ್ರಾಗ ಪಾಳಿ ಹಚ್ಚಿದ್ರು. ಎಲ್ಲಾರದೂ ಬಲಗೈ ಮುಂದ, ಕೆಳಗ ಎಡಗೈ. ಪ್ರಸಾದ ತಗೊಳ್ಳೋ ಕೈ ಅವು. ಆ ಕೈಗೆ ಎಂಟಾಣೆ ಕೇಳ್ತೀರೇನು, ನೀವೇ ಹೇಳ್ರಿ? ನಲವತ್ತೂ ಹಂಚಿ, ಬಾಳೆಹಣ್ಣು ಉಡ್ಯಾಗ ಕಟ್ಕೊಂಡು ಮನಿಗೆ ಬಂದೆ. ವೈನಿ ಹಣ್ಣು ತಿಂದ್ರು, ಚಲೋ ಅವ ಅಂದ್ರು. ಖೋಲ್ಯಾಗ ಉಳಿದ ಗಂಟಿನ ಕರಾರು ಮಾತ್ರ ಬಿಡಲಿಲ್ಲ.

ಅವತ್ತ ಮಲ್ಕೊಂಡು ವಿಚಾರ ಮಾಡಿದೆ. ಹಣ್ಣು ಮಾರಾಕಿ ನನ್ನ ಹಣ್ಣು ಸಿಹಿ ಅವ ಅಂತ ಸಂತ್ಯಾಗ ಒದರಾಕ ನಾಚ್ತಾಳೇನು? ಕುಂಬಾರ ತನ್ನ ಗಡಿಗಿ ತಾನೇ ಬಡದು ತೋರಸಂಗಿಲ್ಲೇನು? ಬರದಾಂವ ಮಾತ್ರ ಯಾಕ ತನ್ನ ಮಾಲು ಕಳುವಿನ ಮಾಲು ಇದ್ದಂಗ ಮುಚ್ಚಿ ಇಡಬೇಕು?

ಮುಂದಿನ ವಾರ ಕಲಬುರ್ಗಿ ಒಳಗ ಒಂದು ಮೀಟಿಂಗ್. ವಿಭೂತಿ ಇಲ್ಲ, ವಸ್ತ್ರ ಇಲ್ಲ. ನಿಂತ ಕೂಡ್ಲೇ ಹೇಳಿದೆ, ಪುಸ್ತಕ ಅವ, ಎಂಟಾಣೆ, ಪುಕ್ಕಟೆ ಇಲ್ಲ. ವಕೀಲರು, ಗುಮಾಸ್ತರು ಹೊಟ್ಟಿ ಹಿಡ್ಕೊಂಡು ನಕ್ರು. ಆಮ್ಯಾಲ ಒಬ್ಬೊಬ್ಬರೇ ಪುಸ್ತಕ ಎತ್ತಿ, ತಿರುವಿ, ಇಟ್ಟು ಹೋದ್ರು. ಕನ್ನಡ ಮಾತಾಡಾಕ ಬರ್ತದಂತ, ಓದಾಕ ಉರ್ದು ಅಷ್ಟ ಬರ್ತದಂತ. ಅವರಿಗೆ ಏನನ್ನಲಿ? ನಾನೂ ಕನ್ನಡ ಅಕ್ಷರ ಕಲತದ್ದು ಮೀಸಿ ಬಂದಮ್ಯಾಲ.

ಒಂದೂ ಹೋಗಲಿಲ್ಲ. ಬಿಡ್ತೀನೇನು? ಇನ್ನೆರಡು ಊರಿಗೆ ಕಾಗದ ಬರದೆ.

ಉತ್ತರ ಬರೋಕಿಂತ ಮೊದಲ ಜೋಳದ ಬಂಡಿ ಬಂತು. ಮೊನ್ನೆ ಮುಂಜಾನೆ. ವೈನಿ ಗಂಟು ತಂದು ಕಟ್ಟಿ ಮ್ಯಾಲ ಇಟ್ಟು, ಕಿರಾಣಿ ಅಂಗಡ್ಯಾವಗ ಹೇಳಿ ಕಳಿಸಿದ್ರು. ನಾ ಗಂಟಿನ ಮ್ಯಾಲೇ ಕುಂತೆ. ಒಯ್ದ್ರ ನನ್ನನ್ನೂ ತೂಕ ಮಾಡಿ ಒಯ್ಯಲಿ ಅಂತ.

ಅಷ್ಟರಾಗ ತಲಿ ಮ್ಯಾಲ ಬುಟ್ಟಿ ಹೊತ್ಕೊಂಡು ಶರಣಮ್ಮ ಬಂದ್ಳು. ಹಣ್ಣು ಮಾರಾಕ ಕಲಬುರ್ಗಿಗೆ ಬಂದಾಕಿ, ಸೆಕ್ರೆಟರಿ ಕಡಿಂದ ಮನಿ ಗುರ್ತು ತಗೊಂಡು ಬಂದಾಳ. ನನ್ನ ಜೀವ ಹಾರಿತು. ಬಯ್ಯಾಕ ಬಂದಾಳ ಅಂತ.

ಬುಟ್ಟಿ ಇಳಿಸಿ ವೈನಿ ಮುಂದ ಎಲ್ಲಾ ಹೇಳಿದ್ಳು. ಆಕಿ ಒಯ್ದ ಪುಸ್ತಕ ಹದಿನೈದು ದಿನ ದೇವರ ಜಗಲಿ ಮ್ಯಾಲಿತ್ತಂತ. ದಿನಾ ಊದಿನಕಡ್ಡಿ. ಅಮಾಸಿ ದಿನ, ಕನ್ನಡ ಸಾಲಿಗೆ ಹೋಗೋ ಮಗಳ ಕಡಿಂದ ಭಕ್ತೀಲೆ ಓದಿಸಿದ್ರಂತ. ಅಜ್ಜ ಸಾಲಿಗೆ ಬರೋದ್ರಾಗ ಓಣಿ ಹೆಣ್ಮಕ್ಕಳೆಲ್ಲಾ ನಕ್ಕು ನಕ್ಕು ನೆಲಾ ಹಿಡದಾರ. ಅವತ್ತ ಪುಸ್ತಕ ಜಗಲಿಯಿಂದ ಕೆಳಗ ಇಳಿಸ್ಯಾರ. ಈಗ ದಿನಕ್ಕೊಂದು ಮನಿ ತಿರುಗಾಕತ್ತೇದ.

ವೈನಿ ಜೋಳ ಅಳೆಯೋದು ಬಿಟ್ಟು ನನ್ನ ಮಾರಿ ನೋಡಿದ್ರು.

ಶರಣಮ್ಮ ಸೆರಗಿನ ಗಂಟು ಬಿಚ್ಚಿ ಎಂಟಾಣೆ ತಗದ್ಳು. ಈ ಸಲ ಶಾಸ್ತ್ರಿಗಳ್ರಿ ಅನ್ನಲಿಲ್ಲ.

"ತಮ್ಮಾ, ನಮ್ಮ ತಂಗಿ ಮನಿಗೆ ಇನ್ನೊಂದು ಬೇಕಾಗ್ಯಾದ. ಕೆಂಪು ವಸ್ತ್ರದಾಗ ಮಾತ್ರ ಕಟ್ಟಬ್ಯಾಡ, ಆಕಿ ಓದಂಗಿಲ್ಲ."