ಐದಡಿ ಎರಡಿಂಚು ಜರುಗಿದ ಕಂಬ

ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಕಂಬದಕ್ಕ. ಸರ್ವೆ ಕಚೇರಿಯ ಹಿತ್ತಲಲ್ಲಿ, ಬಂಡೆ ಕೊರೆದು ನೆಟ್ಟ ಎದೆಮಟ್ಟದ ಕಂಬವೊಂದಿತ್ತು. ಊರಿನ ಸೈಟು, ರಸ್ತೆ, ಸೇತುವೆ, ಎಲ್ಲದರ ಅಳತೆಯೂ ಅಲ್ಲಿಂದಲೇ ಶುರು. ಮೂವತ್ತೊಂದು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಈಕೆ. ಜವಾನ ಅದರ ಮೇಲೆ ಚಹಾ ಲೋಟ ಇಟ್ಟರೂ ಸಾಕು, "ಅದೇನು ನಿಮ್ಮಜ್ಜನ ಮೇಜೇನೋ?" ಎಂದು ಮೈಮೇಲೆ ಬೀಳುತ್ತಿದ್ದಳು.

ವರ್ಷಕ್ಕೊಮ್ಮೆ, ಗೊತ್ತಾದ ದಿನ, ಕಂಬದ ತಲೆಯ ಮೇಲೆ ಉಪಗ್ರಹದ ಸಂಕೇತ ಹಿಡಿಯುವ ಯಂತ್ರ ಕೂರಿಸಿ, ಬೆಳಗಿನಿಂದ ಸಂಜೆಯವರೆಗೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಬಿಸಿಲು ಕುಡಿಯುವಳು. ಭೂಗೋಳದ ಮೇಲೆ ಕಂಬ ಎಲ್ಲಿದೆ ಎಂದು ಯಂತ್ರ ಹೇಳುತ್ತಿತ್ತು. ಪ್ರತಿ ಸಲವೂ ಹೋದ ವರ್ಷಕ್ಕಿಂತ ಎರಡಿಂಚು ಈಶಾನ್ಯಕ್ಕೆ. ಬಂದದ್ದನ್ನು ಬಂದ ಹಾಗೆ ಅಳತೆ ಪುಸ್ತಕದಲ್ಲಿ ಬರೆಯುವಳು. ಎಷ್ಟೋ ಸಾಹೇಬರು ಬಂದರು, ಹೋದರು. ಒಬ್ಬರಾದರೂ ಹಿಂದಿನ ಪುಟ ತಿರುವಿ ನೋಡಿದ್ದರೆ ಕೇಳಿ.

ಆಕೆಯ ನಿವೃತ್ತಿಗೆ ಮೂರು ವಾರವಿದೆ ಎನ್ನುವಾಗ ಬಂದ ಹೊಸ ಸಾಹೇಬರಿಗೆ ಮಾತ್ರ, ಪುಣ್ಯಾತ್ಮರು, ಓದುವ ಚಟ. ಮೊದಲ ಪುಟದಲ್ಲಿ ಕಂಬ ನೆಟ್ಟ ದಿನದ ಅಂಕಿ ನೋಡಿದರು, ಕೊನೆಯ ಪುಟ ನೋಡಿದರು, ಕಳೆದರು. ಐದಡಿ ಎರಡಿಂಚು ವ್ಯತ್ಯಾಸ! ಒಂದೋ ಸರ್ಕಾರಿ ಕಂಬವನ್ನು ಈಕೆಯೇ ನಿಂತು ಕೀಳಿಸಿ ಜರುಗಿಸಿದ್ದಾಳೆ, ಇಲ್ಲವೇ ಈಕೆ ಅಳೆದದ್ದೆಲ್ಲ ತಪ್ಪು. ಅಂದೇ ನೋಟಿಸ್ ಹೊರಟಿತು.

"ಯಾರೂ ಮುಟ್ಟಿಲ್ಲ ಸರ್. ನೆಲವೇ ಜರುಗಿದೆ," ಎಂದಳು ಕಂಬದಕ್ಕ.

"ನೆಲ ಜರುಗಿತಾ? ಯಾರ ಅನುಮತಿ ಮೇಲೆ?"

ಆಕೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಭೂಮಿಯ ಚಿಪ್ಪು ಅಖಂಡವಲ್ಲ, ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಕೆಳಗೆ ಕಾದ ಬಂಡೆ ಬಲು ಮೆಲ್ಲಗೆ ಹರಿಯುತ್ತದೆ, ಮೇಲಿನ ಫಲಕಗಳೂ ಸರಿಯುತ್ತವೆ. ಸಾಗರದ ನಡುವೆ ತಳ ಬಿರಿದು ಹೊಸ ನೆಲ ಹುಟ್ಟುತ್ತದೆ, ಎರಡು ದಡ ದೂರವಾಗುತ್ತವೆ. ಇನ್ನೊಂದೆಡೆ ಹಳೆಯ ತಳ ಪಕ್ಕದ ಫಲಕದಡಿ ನುಗ್ಗಿ ಕರಗುತ್ತದೆ. ಖಂಡಕ್ಕೆ ಖಂಡ ಡಿಕ್ಕಿ ಹೊಡೆದರೆ ಪರ್ವತ ಏಳುತ್ತದೆ.

"ಕಂಬ ಒಂದೇ ಅಲ್ಲ ಸರ್. ಈ ಕಚೇರಿ, ನಿಮ್ಮ ಕುರ್ಚಿ, ನೀವು, ಎಲ್ಲಾ ಒಟ್ಟಿಗೇ ಹೋಗ್ತಾ ಇದೀವಿ."

ಸಾಹೇಬರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. "ನೋಡೀಮ್ಮಾ, ನಾನು ಬಂದು ಹನ್ನೊಂದೇ ದಿನ ಆಗಿದೆ. ನನ್ನನ್ನ ಇದರೊಳಗೆ ಎಳೀಬೇಡಿ."

ಆದರೂ ಅವರು ಕಲ್ಲೆದೆಯವರೇನಲ್ಲ. 'ನನ್ನ ಅಜಾಗರೂಕತೆಯಿಂದ ಅಳತೆಗಳು ತಪ್ಪಾಗಿವೆ' ಎಂಬ ಹೇಳಿಕೆಗೆ ಸಹಿ ಹಾಕಿದರೆ ಸಾಕು ಎಂದರು. ಮೂವತ್ತೊಂದು ಸಾಲಿಗೂ ಕೆಂಪು ಗೀಟು ಎಳೆದು, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಕಳಿಸುತ್ತಾರಂತೆ.

ಆಕೆಯ ಗಂಡ ದರ್ಜಿ. ಸುದ್ದಿ ಕೇಳಿದಾಗ ಹೊಲಿಗೆ ಯಂತ್ರ ತುಳಿಯುತ್ತಲೇ, "ಹಾಕಿಬಿಡೇ, ಇನ್ನು ಹತ್ತು ದಿನಕ್ಕೆ ಯಾಕೆ ಇಲ್ಲದ ತಲೆನೋವು?" ಎಂದ.

"ಹಾಗಾದ್ರೆ ನಾನು ಇಷ್ಟು ವರ್ಷ ಬಿಸಿಲಲ್ಲಿ ಕೂತಿದ್ದು ಸುಳ್ಳಾ ರೀ?" ಆಕೆಯ ದನಿ ಒಡೆಯಿತು.

ಯಂತ್ರ ನಿಂತಿತು. ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು ಅವನೆಂದ: "ಗಿರಾಕಿ ದಪ್ಪ ಆದ್ರೆ ನಾವು ಹೊಲಿಗೆ ಬಿಚ್ಚಿ ಅಗಲ ಮಾಡ್ತೀವಿ. ನಿಮ್ಮ ಸಾಹೇಬ ಹಳೇ ಅಳತೆ ಚೀಟಿ ಹಿಡ್ಕೊಂಡು ಗಿರಾಕೀನೇ ಕತ್ತರಿಸೋಕೆ ಹೊರಟಿದಾನಲ್ಲೇ! ಹಾಕ್ಬೇಡ ಬಿಡು."

ಹಾಕಲಿಲ್ಲ. ಸಾಹೇಬರು ತಲೆ ಕೆರೆದುಕೊಂಡರು.

"ಅಂದ್ರೆ ನಿಮ್ಮ ಅಳತೆ ಸರಿ. ಕಂಬ ಜರುಗಿರೋದು ನಿಜ?"

"ನೂರಕ್ಕೆ ನೂರು ನಿಜ ಸರ್."

"ಸರಿ ಹಾಗಾದ್ರೆ. ಜರುಗಿದ್ದನ್ನ ಮೊದಲಿನ ಜಾಗಕ್ಕೆ ವಾಪಸ್ ಇಡಿ!"

ಆದೇಶ ಟೈಪಾಗಿ ಬಂತು. ಜಾಗ ಗುರುತಿಸಲು ಬೇರೆ ಯಾರಿಗೂ ಬಾರದು, ಹಾಗಾಗಿ ಉಸ್ತುವಾರಿ ಆಕೆಯದೇ. ಒಲ್ಲೆ ಎಂದರೆ ಕೆಂಪು ಗೀಟು ಕಾದಿತ್ತು. ನೈಋತ್ಯಕ್ಕೆ ಐದಡಿ ಎರಡಿಂಚು ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಗಾರೆಯವರು ಬಂದರು. ಕಂಬ ಹಾರೆಗೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬುಡವನ್ನೇ ಕತ್ತರಿಸಿ, ಹೊತ್ತುಕೊಂಡು ಹೋಗಿ, ಹೊಸ ಗುಂಡಿಯಲ್ಲಿ ನಿಲ್ಲಿಸಿ ಕಾಂಕ್ರೀಟು ಸುರಿದರು. ಆಕೆ ಸ್ಟೂಲಿನಿಂದ ಏಳಲೇ ಇಲ್ಲ.

ನಿವೃತ್ತಿಯ ದಿನ ಕೊನೆಯ ಬಾರಿ ಯಂತ್ರ ಕೂರಿಸಿದಳು. ಮೊದಲ ಪುಟದ ಅಂಕಿಯೇ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನೋಡಿದ್ರಾ? ಮನಸ್ಸು ಮಾಡಿದ್ರೆ ಆಗುತ್ತೆ!" ಸಾಹೇಬರು ಚಪ್ಪಾಳೆ ತಟ್ಟಿದರು.

"ಮುಂದಿನ ವರ್ಷ ಮತ್ತೆ ಎರಡಿಂಚು ಹೋಗುತ್ತಲ್ಲ ಸರ್?"

"ಅಷ್ಟರಲ್ಲಿ ನನಗೆ ವರ್ಗ ಆಗಿರುತ್ತೆ ಬಿಡಿ."

ಕಂಬದಕ್ಕ ಅಳತೆ ಪುಸ್ತಕ ತೆರೆದು ಮೂವತ್ತೆರಡನೆಯ ಸಾಲು ಬರೆದಳು. ಅದರ ಮುಂದೆ ದಪ್ಪಕ್ಷರದಲ್ಲಿ, 'ಈ ಸಲ ಜರುಗಿಸಿದ್ದು ಭೂಮಿಯಲ್ಲ, ಸಾಹೇಬರ ಆದೇಶ. ಮುಂದೆ ಅಳೆಯುವವರು ಐದಡಿ ಎರಡಿಂಚು ಕೂಡಿಸಿಕೊಳ್ಳತಕ್ಕದ್ದು' ಎಂದು ಸೇರಿಸಿದಳು. ಸಾಹೇಬರು ಓದಿದರು, ತಮ್ಮ ಆದೇಶದ ಪ್ರಸ್ತಾಪ ಪುಸ್ತಕದಲ್ಲಿ ಬಂದದ್ದಕ್ಕೆ ಹಿಗ್ಗಿ ರುಜು ಹಾಕಿದರು. ಜೊತೆಗೆ, 'ಕಂಬವನ್ನು ಸ್ವಸ್ಥಾನಕ್ಕೆ ಮರಳಿಸಿದ' ಸಾಧನೆಗೆ ಒಂದು ಪ್ರಶಂಸಾಪತ್ರ ಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಆಕೆಗೆ ಸಿಕ್ಕ ಮೊದಲ ಪ್ರಶಂಸೆ ಅದು.

ಮನೆಯಲ್ಲಿ ದರ್ಜಿ ಅದನ್ನು ಎರಡು ಸಲ ಓದಿ, "ಲೆಕ್ಕ ಉಳಿಸ್ಕೊಂಡೆಯಲ್ಲ, ಇನ್ಯಾಕೆ ಅಳ್ತೀಯೇ?" ಎಂದ.

"ಕಂಬ ಕೀಳಿಸಿದವಳು ಅಂತ ಇಲ್ಲದ ಅಪವಾದ ಹೊರಿಸಿದ್ರು ರೀ," ಎಂದಳು ಆಕೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಕೊನೆಗೆ ನನ್ನ ಕೈಯಿಂದಲೇ ಅದನ್ನ ನಿಜ ಮಾಡಿಸಿದ್ರು."