ಒಳಗಿನ ಮಡಿ

ಖಾನಾವಳಿಯ ಅಕ್ಕಾರ ಬಲಗೈಯಲ್ಲಿ ಗೆರೆಗಳೇ ಇರಲಿಲ್ಲ. ಎಡಗೈಯಲ್ಲಿ ಎಲ್ಲರಿಗಿರುವಂತೆ ನಾಲ್ಕಾರು ಗೆರೆಗಳಿದ್ದವು. ಬಲ ಅಂಗೈ ಮಾತ್ರ ಹೊಳೆಯೊಳಗಿನ ಕಲ್ಲಿನಂತೆ ನುಣ್ಣಗಿತ್ತು. ಮೂವತ್ತೈದು ವರ್ಷ, ದಿನಕ್ಕೆ ನೂರಾರು ಜೋಳದ ರೊಟ್ಟಿ ಬಡಿದ ಕೈ ಅದು. ಒಮ್ಮೆ ಗೋವಾದ ವಾಸ್ಕೋ ಸ್ಟೇಷನ್ನಿನ ಹೊರಗೆ ಕೂತು ಕೈ ನೋಡಿ ಭವಿಷ್ಯ ಹೇಳುವ ನಮ್ಮ ಕಡೆಯವನೊಬ್ಬ ಅವರ ಖಾನಾವಳಿಗೆ ಊಟಕ್ಕೆ ಬಂದಿದ್ದ. ಉಣ್ಣಲು ಕೂತ ಕಾರ್ಖಾನೆಯ ಹುಡುಗರು ಹುರಿದುಂಬಿಸಿದರೆಂದು ಅವರ ಕೈ ಹಿಡಿದು ನೋಡಿ, "ಇದರಾಗ ಓದಾಕ ಏನೂ ಇಲ್ಲಲ್ರಿ ಬಾಯಾರ" ಅಂದ.

"ಇತ್ತೋ ಯಪ್ಪಾ, ಎಲ್ಲಾ ರೊಟ್ಟಿಗೆ ಹತ್ತಿ ಹೋತು. ನನ್ನ ನಸೀಬಾ ಇವ್ರs ತಿಂದಾರ" ಎಂದು ಸಾಲಾಗಿ ಕೂತವರನ್ನು ತೋರಿಸಿ ನಕ್ಕರು. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ನಾನು ಬರೆಯುವವನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಸಾಂಕೋಲೆಯ ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್ ಆದವನು. ಬೇರೆಯವರು ಬಂದ ಹೊತ್ತು, ಹೋದ ಹೊತ್ತು ಬರೆಯುತ್ತ ನನ್ನ ಹೊತ್ತು ಕಳೆಯಿತು. ಈಗ ಎಪ್ಪತ್ತೆರಡು ನಡೆಯುತ್ತಿದೆ. ಈ ಒಂದನ್ನು ಬರೆಯದೆ ಹೋಗಬಾರದು ಅನ್ನಿಸಿ ಕೂತಿದ್ದೇನೆ.

ಖಾನಾವಳಿ ಅಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ವಿಜಯಪುರದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು ಅವರು. ಮಗಳಿಗೆ ಮೂರು ವರ್ಷವಿದ್ದಾಗ ಗಂಡ ತೀರಿಕೊಂಡ. ಊರಿಗೆ ಹಿಂದಿರುಗದೆ ಒಲೆ ಹೂಡಿದರು. ಹುಡುಗರಿಗೆಲ್ಲ ಅವರು ಅವ್ವ. ನನಗೆ ಅಕ್ಕಾರ, ಅವರಿಗೆ ನಾನು ಅಣ್ಣಾರ. ವಯಸ್ಸಿನಲ್ಲಿ ಹಿರಿಯ ನಾನೇ, ಆದರೂ ಅಕ್ಕ ಅನ್ನದೆ ಬೇರೆ ಏನೂ ಬಾಯಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಸ್ನಾನವಾಗದೆ ಒಲೆ ಮುಟ್ಟುವವರಲ್ಲ. ಕೊನೆಯ ಪಾಳಿಯವನು ಉಂಡು ಕೈ ತೊಳೆಯುವವರೆಗೆ ತಾವು ಉಣ್ಣುವವರಲ್ಲ. ಶ್ರಾವಣ ಸೋಮವಾರಗಳಲ್ಲಿ ಸಂಜೆಯವರೆಗೆ ಹನಿ ನೀರೂ ಇಲ್ಲ, ಆದರೂ ರೊಟ್ಟಿ ಬಡಿಯುವುದು ನಿಲ್ಲುತ್ತಿರಲಿಲ್ಲ. ಒಂದು ವರ್ಷ ಜ್ವರದಲ್ಲೂ ಆ ಸೋಮವಾರ ಬಿಡಲಿಲ್ಲ. ಹಿಡಿದ ವ್ರತವನ್ನು ನಡುವೆ ಬಿಡುವುದು ಅವರಿಗೆ ಗೊತ್ತೇ ಇರಲಿಲ್ಲ. ಈ ಮಾತನ್ನು ಓದುವವರು ನೆನಪಿಡಬೇಕು. ನಾನು ನೆನಪಿಟ್ಟಿದ್ದೆ, ಅದೇ ನನ್ನ ತಪ್ಪು.

ನಾನು ಗೋವಾಕ್ಕೆ ಬಂದ ಎರಡನೆಯ ವರ್ಷ ನನಗೆ ಕಾಮಾಲೆ ಆಯಿತು. ಹೆಂಡತಿ ಇನ್ನೂ ಊರಲ್ಲಿದ್ದಳು. ಫೋಂಡಾದ ಹತ್ತಿರ ಒಬ್ಬ ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಹಳದಿ ಇಳಿಸುತ್ತಾನೆ ಎಂದು ಕೇಳಿ ಹೊರಟು ನಿಂತಿದ್ದೆ. ಅಕ್ಕಾರು ಬಾಗಿಲಲ್ಲೇ ತಡೆದರು.

"ಒಳಗ ತೊಳಿಯೋರು ಒಳಗs ಅದಾರ್ರಿ ಅಣ್ಣಾರ. ಅವ್ರಿಗೆ ಈಗ ಜಡ್ಡು. ಎಣ್ಣಿ, ಖಾರಾ ಕೊಟ್ಟು ತ್ರಾಸ ಮಾಡಬ್ಯಾಡ್ರಿ. ಡಾಕ್ಟರು ಹೇಳಿದ್ದು ಕೇಳ್ರಿ, ಸುಮ್ಮನ ಮಲಕೋರಿ. ಅವ್ರ ಕೆಲಸಾ ಅವ್ರು ಮಾಡ್ತಾರ."

ಒಂದು ತಿಂಗಳು ಎರಡು ಹೊತ್ತೂ ನನ್ನ ಕೋಣೆಗೆ ಗಂಜಿ, ಮಜ್ಜಿಗೆ ಬಂದವು. ನಾನು ಬದುಕಿದೆ.

ಮುಂದೆ ಹೆಂಡತಿ ಬಂದಳು, ಮನೆ ಆಯಿತು, ಮಧ್ಯಾಹ್ನದ ಊಟ ಮಾತ್ರ ಖಾನಾವಳಿಯದೇ ಉಳಿಯಿತು, ವರ್ಷಗಳು ಹೋದವು, ನಾನು ನಿವೃತ್ತನಾದೆ. ಗೇಟಿನಲ್ಲಿ ಕೂತು ದಿನಕ್ಕೆ ಮುನ್ನೂರು ಜನರ ನಮಸ್ಕಾರ ತೆಗೆದುಕೊಂಡವನಿಗೆ ಒಂದೇ ದಿನದಲ್ಲಿ ಯಾರೂ ಇಲ್ಲದಂತಾಯಿತು. ಆಗ ಕೈಗೆ ಫೋನು ಬಂತು. ಮೈಯಲ್ಲಿ ವಿಷ ತುಂಬಿದೆ, ಅದನ್ನು ತೊಳೆಯಬೇಕು, ಡಿಟಾಕ್ಸ್ ಮಾಡಬೇಕು ಎಂದು ಹೇಳುವವರು ಅದರಲ್ಲಿ ತುಂಬಿ ತುಳುಕುತ್ತಿದ್ದರು. ಒಂದು ಶಿಬಿರಕ್ಕೂ ಹೋದೆ. ಮೊದಲ ದಿನ ಭೇದಿಗೆ ಔಷಧ, ಆಮೇಲೆ ಆರು ದಿನ ಬರೀ ಹಣ್ಣಿನ ರಸ, ಜೇನು ಹಾಕಿದ ನಿಂಬೆ ನೀರು. ಏಳನೆಯ ದಿನ ನಾಲ್ಕು ಕಿಲೋ ಇಳಿದಿದ್ದೆ. ಮೈ ಹಗುರಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ತಿಂಗಳೊಳಗೆ ಆ ನಾಲ್ಕೂ ಕಿಲೋ ಹಿಂದಿರುಗಿದವು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ನಡೆಯಲು ಬರುವವರು ನನ್ನ ಬೆಂಚಿನ ಸುತ್ತ ಕೂಡತೊಡಗಿದರು. ಯಾರಿಗೆ ಎಷ್ಟು ದಿನದ ಶುದ್ಧಿ ಎಂದು ನಾನು ಹೇಳುವುದು, ಅವರು ತಲೆಯಾಡಿಸುವುದು. ಒಂದು ಪೈಸೆ ಮುಟ್ಟಲಿಲ್ಲ. ನನಗೆ ಬೇಕಿದ್ದದ್ದು ಆ ತಲೆಯಾಡಿಸುವಿಕೆ. ಹೆಂಡತಿ ಒಬ್ಬಳೇ ತಲೆಯಾಡಿಸಲಿಲ್ಲ. "ಊರ ಮಂದಿ ಹೊಟ್ಟಿ ತೊಳಿಯೋದು ಸಾಕು, ಮನಿ ಬಚ್ಚಲಾ ತೊಳೀರಿ" ಅಂದಳು.

ಅಕ್ಕಾರಿಗೆ ಆಗಲೇ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸರಕಾರಿ ಆಸ್ಪತ್ರೆಯ ಗುಳಿಗೆಗಳನ್ನು ಎಲೆಅಡಿಕೆಯ ಡಬ್ಬಿಯಲ್ಲಿಟ್ಟುಕೊಂಡು ಹೊತ್ತು ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಕಾಲು ಜೋಮು ಹಿಡಿಯುತ್ತದೆ, ಮೈ ಭಾರ ಎಂದರು. ನಾನು ಏಳು ದಿನದ ಮಾತು ತೆಗೆದೆ.

"ಬರೇ ರಸಾ ಕುಡದು ರೊಟ್ಟಿ ಹೆಂಗ ಬಡೀಲ್ರಿ? ನಮ್ಮಂಥೋರಿಗೆ ಅಲ್ಲ ಬಿಡ್ರಿ ಅದು."

ಡಿಟಾಕ್ಸ್ ಎಂದರೆ ಅವರು ಒಪ್ಪುವುದಿಲ್ಲ ಎಂದು ನನಗೆ ತಿಳಿಯಿತು. ಆಗ ಆ ಮಾತು ಆಡಿದೆ: "ಇದು ಒಳಗಿನ ಮಡಿ ಅಕ್ಕಾರ. ದಿನಾ ಹೊರಗ ಜಳಕಾ ಮಾಡ್ತೀರಿ. ಒಳಗ ಎಂದಾರ ಮಾಡೀರೇನು?"

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರೊಳಗೆ ಏನೋ ತಾಗಿತು. "ಹಂಗಾರ ಗುಳಿಗಿ?" ಎಂದರು.

"ಮಡ್ಯಾಗ ಇದ್ದಾಗ ಮೈಲಿಗಿ ಯಾಕ ಒಳಗ ಹಾಕ್ಕೋತೀರಿ?"

ಹೇಳುವಾಗ ನನ್ನ ಮಾತಿನ ಚಂದಕ್ಕೆ ನಾನೇ ಹಿಗ್ಗಿದ್ದು ನೆನಪಿದೆ.

ಸೋಮವಾರ ದೇವರ ಮುಂದೆ ದೀಪ ಹಚ್ಚಿ ಸುರುಮಾಡಿದರು. ಬುಧವಾರ ಹುಡುಗರು ಗಲಾಟೆ ಎಬ್ಬಿಸಿದರು. "ಅವ್ವಾ, ಪಲ್ಯಾಕ ಉಪ್ಪಿಲ್ಲ. ವ್ರತಾ ನಿಂದೋ ನಮ್ದೋ?" ಅವರು ನಕ್ಕು ಉಪ್ಪಿನ ಡಬ್ಬಿಯನ್ನೇ ತಳ್ಳಿದರು. ಗುರುವಾರ ನನ್ನನ್ನು ಹತ್ತಿರ ಕರೆದರು. ತುಟಿ ಒಡೆದಿದ್ದವು.

"ಅಣ್ಣಾರ, ಎಷ್ಟ ಕುಡದ್ರೂ ನೀರಡಿಕಿ ಹೋಗವಲ್ದು. ಕಣ್ಣಿಗೂ ಮಂಜ ಕವದಾಂಗ ಆಗಾಕತ್ತೈತಿ. ಒಂದ ಗುಳಿಗಿ ತಗೊಳ್ಳೇನ್ರಿ?"

"ವಿಷಾ ಹೊರಗ ಬರೋ ಗುರುತ್ರಿ ಅದು. ಇನ್ನ ಮೂರs ದಿನಾ."

ಶಿಬಿರದಲ್ಲಿ ಕಲಿತ ಉತ್ತರ. ಅದರ ಅನುಕೂಲವೆಂದರೆ ಅದು ಎಂದೂ ಸುಳ್ಳಾಗುವುದಿಲ್ಲ. ಮೈ ಹಗುರಾದರೆ ಶುದ್ಧಿ, ತಲೆ ತಿರುಗಿದರೆ ಇನ್ನೂ ಹೆಚ್ಚಿನ ಶುದ್ಧಿ.

ಶನಿವಾರ ಮಧ್ಯಾಹ್ನ ಪಾಳಿ ಬಿಟ್ಟ ಹೊತ್ತಿನಲ್ಲಿ ಅವರು ಒಲೆಯ ಮುಂದೆ ಬಿದ್ದರು. ಬೀಳುವಾಗ ಬಲಗೈ ಕಾದ ಹಂಚಿನ ಮೇಲೆ ಊರಿತ್ತು. ಮಗಳು ಎಳೆದು ತೆಗೆಯುವಷ್ಟರಲ್ಲಿ ಅಂಗೈ ಬೆಂದಿತ್ತು. ಅವರಿಗೆ ನೋವಿನ ಎಚ್ಚರವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವಾಗಿ ಮಾತು ಬಂದದ್ದು ಮೂರನೆಯ ದಿನ. ಡಾಕ್ಟರು ಗೋವಾದ ಹೆಣ್ಣುಮಗಳು, ಚಿಕ್ಕ ವಯಸ್ಸು. ಅಕ್ಕಾರಿಗೆ ಸಂತೆಯ ಕೊಂಕಣಿ ಬರುತ್ತಿತ್ತು, ಆಸ್ಪತ್ರೆಯದು ಬರುತ್ತಿರಲಿಲ್ಲ. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಹೀಗಾಗಿ ನಡುವೆ ನಿಂತು ಅತ್ತಿಂದಿತ್ತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಮೊದಲು ಕೇಳಿದ್ದೇ ಅದು. ಅದನ್ನು ನಾನು ನನ್ನ ಬಾಯಿಂದಲೇ ಅಕ್ಕಾರಿಗೆ ಕೇಳಬೇಕಾಯಿತು.

"ಗುಳಿಗಿ ಬಿಡಾಕ ಯಾರು ಹೇಳಿದ್ರು ಅಂತ ಕೇಳಾಕತ್ತಾರ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು: "ಯಾರೂ ಹೇಳಿಲ್ಲ ಅನ್ರಿ. ನಾನs ವ್ರತಾ ಹಿಡದಿದ್ದೆ."

ನಾನು ಹಾಗೇ ಹೇಳಿದೆ. ಒಂದಕ್ಷರ ಹೆಚ್ಚುಕಡಿಮೆ ಮಾಡದೆ. ಬದುಕಿನಲ್ಲಿ ಅಷ್ಟು ಚೊಕ್ಕವಾಗಿ ಬೇರಾವ ಮಾತನ್ನೂ ದಾಟಿಸಿಲ್ಲ.

ಡಾಕ್ಟರು ಬೈಯಲಿಲ್ಲ. ಪಿತ್ತಜನಕಾಂಗ, ಮೂತ್ರಪಿಂಡ ಹಗಲಿರುಳು ಮಾಡುವ ಕೆಲಸವೇ ಮೈ ತೊಳೆಯುವುದು, ಅದಕ್ಕೆ ರಸ, ಭೇದಿ ಯಾವುದೂ ಬೇಡ ಎಂದರು. ಸಕ್ಕರೆ ಇದ್ದವರು ಗುಳಿಗೆ ಬಿಟ್ಟು ಸಿಹಿ ರಸ ಕುಡಿದರೆ, ಮೇಲೆ ಭೇದಿಯಾಗಿ ಮೈಯ ನೀರು ಹೋದರೆ, ಆ ತೊಳೆಯುವ ಅಂಗಗಳೇ ಕೆಡುತ್ತವೆ ಎಂದರು. ಅದನ್ನೂ ನಾನೇ ಕನ್ನಡಕ್ಕೆ ತಿರುಗಿಸಿದೆ. ಅಕ್ಕಾರು ಒಡೆದ ತುಟಿಯಲ್ಲೇ ಸ್ವಲ್ಪ ನಕ್ಕರು.

"ನಿಮಗ ಕಾಮಾಲಿ ಆದಾಗ ಇದನ್ನs ನಾ ಹೇಳಿದ್ದೆನಲ್ರಿ ಅಣ್ಣಾರ. ನಾನs ಮರತೆ ನೋಡ್ರಿ."

ನೀವು ಮರೆಯಲಿಲ್ಲ, ನಾನು ಮರೆಸಿದೆ ಎಂಬ ಮಾತನ್ನು ಮಾತ್ರ ನಾನು ದಾಟಿಸಲಿಲ್ಲ.

ಕೈಯ ಗಾಯ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಬೆರಳು ಮಡಿಚಿಕೊಂಡೇ ಉಳಿದವು. ರೊಟ್ಟಿ ಬಡಿಯುವುದು ಮುಗಿಯಿತು. ಬಾಗಿಲ ಬಳಿ ಕುರ್ಚಿ ಹಾಕಿ ಕೂತು, "ನೀರು ಕಡಿಮಿ ಆತು, ಅಂಚು ದಪ್ಪ ಆತು" ಎಂದು ಮಗಳಿಗೆ ಹೇಳುತ್ತಿದ್ದರು. ಮೂತ್ರಪಿಂಡ ಸುಧಾರಿಸಲೇ ಇಲ್ಲ. ಹಳೆಯ ಸಕ್ಕರೆ, ಮೊದಲೇ ಸ್ವಲ್ಪ ಕೆಟ್ಟಿರಬಹುದು, ಇದೊಂದರಿಂದಲೇ ಎಂದು ಹೇಳಲಾಗದು ಎಂದು ಡಾಕ್ಟರು ಒಮ್ಮೆ ಅಂದಿದ್ದರು. ಆ ಒಂದು ಮಾತನ್ನು ದಿಂಬಿನ ಹಾಗೆ ತಲೆಯಡಿಗೆ ಇಟ್ಟುಕೊಂಡು ನಾನು ಎರಡು ವರ್ಷ ನಿದ್ದೆ ಮಾಡಿದೆ.

ಆ ಎರಡು ವರ್ಷವೂ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ರೊಟ್ಟಿ ನನಗೇ ಬರುತ್ತಿತ್ತು. ಅವರು ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ತೆಗೆಯಲಿ, ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯದೆ ಇದ್ದದ್ದು ದೊಡ್ಡತನದಿಂದಲೋ, ನನ್ನನ್ನು ಹಗುರಾಗಲು ಬಿಡಬಾರದೆಂದೋ ತಿಳಿಯದು. ಕಳೆದ ಮಳೆಗಾಲ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಹಿರಿಯರು ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ನಿಂತೆ.

ಹೋದ ತಿಂಗಳು ಒಂದು ಮಧ್ಯಾಹ್ನ, ಖಾನಾವಳಿ ಬರಿದಾದ ಮೇಲೆ, ಮಗಳಿಗೆ ಎಲ್ಲವನ್ನೂ ಹೇಳಿದೆ. ಒಳಗಿನ ಮಡಿ ಎಂದದ್ದು, ಗುಳಿಗೆ ಮೈಲಿಗೆ ಎಂದದ್ದು, ಆಸ್ಪತ್ರೆಯಲ್ಲಿ ನಿಂತು ಸುಳ್ಳನ್ನು ದಾಟಿಸಿದ್ದು. ಅವಳು ಹಿಟ್ಟು ನಾದುತ್ತಲೇ ಕೇಳಿದಳು.

"ಗೊತ್ತೈತ್ರಿ ಮಾಮಾ. ಅವ್ವ ಸಾಯೂಕಿಂತ ಮೊದ್ಲ ಹೇಳ್ಯಾಳ. ಅವ್ರು ತಾವs ಹೇಳೂತನಕಾ ನೀ ಕೇಳಬ್ಯಾಡ, ಊಟಾ ತಪ್ಪಿಸಬ್ಯಾಡ ಅಂದಿದ್ಳು."

"ಹಂಗಾರ ಕ್ಷಮಾ ಮಾಡ್ಯಾರಂತಿ?"

"ಅವ್ವ ಮಾಡ್ಯಾಳ." ಹಿಟ್ಟಿನ ಉಂಡೆಯನ್ನು ಎರಡು ಸಲ ತಿರುಗಿಸಿದಳು. "ನಂದು ನನಗಿನ್ನಾ ಗೊತ್ತಿಲ್ರಿ."



ಮೈದಾನದ ಬೆಂಚಿಗೆ ಈಗಲೂ ಹೋಗುತ್ತೇನೆ. ಯಾವ ಶುದ್ಧಿ ಮಾಡಲಿ ಎಂದು ಯಾರಾದರೂ ಕೇಳಿದರೆ, ಏನೂ ಬೇಡ, ಹಸಿವಾದಾಗ ಉಣ್ಣಿ, ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ ಅನ್ನುತ್ತೇನೆ. ಯಾಕೆ ಎಂದು ಕೇಳಿದವರಿಗೆ ಅಕ್ಕಾರ ಕತೆಯನ್ನು, ನನ್ನ ಪಾಲನ್ನು ಬಿಡದೆ, ಹೇಳುತ್ತೇನೆ. ಮೊದಲಿನಷ್ಟು ಜನ ಕೂಡುವುದಿಲ್ಲ. ಹೊಸದಾಗಿ ಒಬ್ಬರು ಪಕ್ಕದ ಬೆಂಚಿನಲ್ಲಿ ಸೋರೆಕಾಯಿ ರಸದ ಬಗ್ಗೆ ಹೇಳತೊಡಗಿದ್ದಾರೆ, ಎಲ್ಲರೂ ಅಲ್ಲಿದ್ದಾರೆ.

ಮಗಳಿಗೆ ಎಲ್ಲ ಹೇಳಿದ ಆ ಮಧ್ಯಾಹ್ನ ಎದ್ದು ಹೊರಡಲು ನೋಡಿದೆ. "ಎಲ್ಲಿಗ್ರಿ? ಕೂಡ್ರಿ" ಎಂದು ಮಗಳು ಗದರಿದಳು. ರೊಟ್ಟಿ ಬಡಿದು, ಬೇಯಿಸಿ, ತಟ್ಟೆಗೆ ಹಾಕಿದಳು. ಅವಳ ರೊಟ್ಟಿಯ ಮೇಲೆ ಬೆರಳಿನ ಗುರುತುಗಳು ಎದ್ದು ಕಾಣುತ್ತವೆ. ಅಕ್ಕಾರ ರೊಟ್ಟಿಯ ಮೇಲೆ ಎಂದೂ ಕಂಡಿರಲಿಲ್ಲ. ಅವಳ ಬಲ ಅಂಗೈಯಲ್ಲಿ ಗೆರೆಗಳು ಇನ್ನೂ ಇವೆ. ನಾನು ತಲೆ ಬಗ್ಗಿಸಿ ಮುರಿದು ತಿಂದೆ.