ಎರಡು ಕುಣಿಕೆಯ ರಿಬ್ಬನ್ನು

ನನ್ನ ಅಕ್ಕನಿಗೆ ಚಿಕ್ಕಂದಿನಿಂದ ಕುದುರೆಯ ಹುಚ್ಚು. ಮಸ್ಕಿಯ ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುತ್ತಿದ್ದ ಟಾಂಗಾ ಕುದುರೆಯನ್ನು ಒಮ್ಮೆಯಾದರೂ ತಾನೇ ಹಿಡಿದು ನಡೆಸಬೇಕೆಂದು ಹಟ ಮಾಡುತ್ತಿದ್ದಳು. ಅಪ್ಪ, "ಲಗಾಮು ಹಿಡಿಯೋದು ಗಂಡಮಕ್ಕಳ ಕೆಲಸ, ನಡಿ ಮನಿಗೆ" ಎಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದ. ಈಗ ಅಕ್ಕನಿಗೆ ಐವತ್ತು ದಾಟಿದೆ, ಮಸ್ಕಿಯಲ್ಲಿ ಬಳೆ, ರಿಬ್ಬನ್ನು ಮಾರುವ ಫ್ಯಾನ್ಸಿ ಅಂಗಡಿ ಇಟ್ಟಿದ್ದಾಳೆ. ಅಪ್ಪ ಮುದುಕನಾಗಿ ಸಿಂಧನೂರಿನ ನನ್ನ ಮನೆಯಲ್ಲಿದ್ದಾನೆ. ಅಕ್ಕನ ಹುಚ್ಚು ಮಾತ್ರ ಹಾಗೇ ಇದೆ.

ಹೋದ ವರ್ಷ ಸಿಂಧನೂರಿನಲ್ಲಿ ಕುದುರೆ ಪ್ರದರ್ಶನ ಇಟ್ಟಿದ್ದಾರೆಂದು ಗೊತ್ತಾದದ್ದೇ ತಡ, ಅಕ್ಕ ಕಮಿಟಿಯ ಅಧ್ಯಕ್ಷರ ಮನೆಗೇ ನುಗ್ಗಿದಳು. ರಿಬ್ಬನ್ನು, ಬಹುಮಾನ ಎಲ್ಲ ತಾನೇ ಆರಿಸಿ ತರುವುದಾಗಿಯೂ, ಗೆದ್ದ ಕುದುರೆಗೆ ತನ್ನ ಕೈಯಿಂದಲೇ ಕಟ್ಟಿಸಬೇಕೆಂದೂ ಕೇಳಿದಳು. ಅಧ್ಯಕ್ಷರು ನಕ್ಕರು.

"ಆಗಲಿ ಅಕ್ಕಾರ. ಆದ್ರ ಏನರ ಹೆಚ್ಚುಕಮ್ಮಿ ಆತಂದ್ರ ಬಹುಮಾನ ಕೊಡಾಕ ಬರೋ ಸಾಹೇಬ್ರ ಕೈಲೆ ಕುದುರಿಗೆ ಹಾರ ಹಾಕಿಸಿ ಮುಗಿಸಿಬಿಡ್ತೀವಿ ನೋಡ್ರಿ."

ಬಹುಮಾನಕ್ಕೆ ಗೋಡೆ ಗಡಿಯಾರ ಕೊಡೋಣವೆಂದು ಅವರು ಸೂಚಿಸಿದಾಗ ಅಕ್ಕ, "ಯಾಕ್ರೀ, ಟೈಮ್ ನೋಡಿ ಕುದುರಿ ಬಸ್ಸಿಗೆ ಹೋಗತೈತೇನು?" ಎಂದಳು. ಕೊನೆಗೆ ಗೆಜ್ಜೆ ಸರ, ಕಡಲೆ ಚೀಲ, ಬೆಲ್ಲ ಎಂದಾಯಿತು.

ರಿಬ್ಬನ್ನಿಗೆ ಲಿಂಗಸುಗೂರಿಗೆ ಹೋದೆವು. ದೊಡ್ಡ ಅಂಗಡಿಯಲ್ಲಿ ಸುರುಳಿಗಳನ್ನೆಲ್ಲ ಕೆಳಗಿಳಿಸಿಬಿಟ್ಟೆವು. ಕೇಸರಿ ಹಿಡಿದರೆ ಒಂದು ಪಕ್ಷ, ಹಸಿರು ಹಿಡಿದರೆ ಇನ್ನೊಂದು, ನೀಲಿ ಮುಟ್ಟಿದರೆ ಮತ್ತೊಂದು. ಬಿಳಿ ತೆಗೆದುಕೊಂಡರೆ ಬಿಳಿ ಕುದುರೆಯ ಮೇಲೆ ಕಾಣುವುದೇ ಇಲ್ಲ. ನಮ್ಮ ಒದ್ದಾಟ ನೋಡಲಾರದೆ ಅಂಗಡಿಯವ, "ಮದುವಿ ಯಾರದ್ರೀ ಅಕ್ಕಾರ?" ಎಂದ.

"ಕುದುರಿದ್ರೀ" ಎಂದಳು ಅಕ್ಕ. ಅವನ ಮುಖ ನೋಡಿ ನನಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ. ಮೊದಲ ಬಹುಮಾನಕ್ಕೆ ರಾಣಿ ಬಣ್ಣ, ಎರಡನೆಯದಕ್ಕೆ ಬದನೆಕಾಯಿ ಬಣ್ಣ ಎಂದು ಅವಳೊಬ್ಬಳೇ ತೀರ್ಮಾನಿಸಿಕೊಂಡು ಬಂದಳು.

ಇನ್ನು ಅಳತೆ. ಅಳತೆಗೆ ಕುದುರೆ ಎಲ್ಲಿಂದ ತರುವುದು? ಬಳಗಾನೂರಿನ ಸೋದರಮಾವನ ಹತ್ತಿರ ದನಗಳ ಪ್ರದರ್ಶನದಲ್ಲಿ ಗೆದ್ದ ಒಂದು ಎತ್ತಿತ್ತು. ಗೆದ್ದ ಎತ್ತಿಗೆ ಈ ಕೋಡಿನಿಂದ ಆ ಕೋಡಿಗೆ ಪಟ್ಟಿ ಕಟ್ಟಿ ಮೆರೆಸುವುದು ನಮ್ಮ ಕಡೆಯ ರೂಢಿ. ಅಕ್ಕ ಆ ಎತ್ತನ್ನೇ ನಿಲ್ಲಿಸಿಕೊಂಡು ಅಳತೆ ತೆಗೆದಳು. ಪ್ರತಿ ರಿಬ್ಬನ್ನಿನ ಎರಡೂ ತುದಿಗೆ ಒಂದೊಂದು ಗಟ್ಟಿ ಕುಣಿಕೆ ಹೊಲಿದು, ನಡುವೆ ಜರಿಯ ಹೂವು ಕೂರಿಸಿದಳು. ಸೋದರಮಾವ ಎಳೆದು ನೋಡಿ, "ಭೇಷ್, ಯಾವ ಕೋಡಿಗರ ಹಾಕು, ಜಾರಂಗಿಲ್ಲ" ಎಂದ. ನಾವೂ ಖುಷಿಪಟ್ಟೆವು.

ಪ್ರದರ್ಶನದ ದಿನ ಅಪ್ಪನನ್ನೂ ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಲಿಂಗಸುಗೂರಿನ ಮುದುಕರೊಬ್ಬರ ಕೆಂಚು ಬಣ್ಣದ ಹೆಣ್ಣು ಕುದುರೆಗೆ ಮೊದಲ ಬಹುಮಾನ ಬಂತು. ಅಕ್ಕ ತಟ್ಟೆಯಿಂದ ರಾಣಿ ಬಣ್ಣದ ರಿಬ್ಬನ್ನು ಎತ್ತಿಕೊಂಡು ಹೊರಟವಳು ಅರ್ಧಕ್ಕೇ ನಿಂತಳು. ತಿರುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಲೇ, ಇದಕ್ಕ ಕೋಡಿಲ್ಲಲೇ!"

ನಾನು ನೆಲಕ್ಕೆ ಕುಸಿದು ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಕುದುರೆಯ ಜಪ ಮಾಡಿದವಳು ಅದಕ್ಕೆ ಕೋಡಿಲ್ಲವೆಂಬುದನ್ನು ಮರೆತಿದ್ದಳು. ನಾನೂ ಮರೆತಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಬಂದು, ಕುಣಿಕೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಎಲ್ಲಿ ಕಟ್ತೀರಿ ಅಕ್ಕಾರ?" ಎಂದು ಗಹಗಹಿಸಿದರು. ಸಾಹೇಬರ ಕೈಗೆ ಹಾರ ಕೊಡುವಂತೆ ಹುಡುಗರಿಗೆ ಕೈಸನ್ನೆಯನ್ನೂ ಮಾಡಿಬಿಟ್ಟರು. ಅಕ್ಕನ ಮುಖ ಸಣ್ಣದಾಯಿತು. ನನ್ನ ನಗು ಅಲ್ಲಿಗೇ ನಿಂತಿತು. ಅಧ್ಯಕ್ಷರ ಮೇಲೆ ಕೆಟ್ಟ ಸಿಟ್ಟು ಬಂತು.

ಅಕ್ಕ ಅವರ ಕೈಯಿಂದ ರಿಬ್ಬನ್ನು ಕಸಿದುಕೊಂಡು ಸೀದಾ ಕುದುರೆಯ ಹತ್ತಿರ ನಡೆದಳು. ಒಂದು ಕುಣಿಕೆಯನ್ನು ಕಡಿವಾಣದ ಕೊಂಡಿಗೆ ಸಿಕ್ಕಿಸಿದಳು. ಇನ್ನೊಂದನ್ನು ಬಳೆಗಳ ಮೇಲೆ ತನ್ನ ಮುಂಗೈಗೆ ಏರಿಸಿದಳು.

"ಇದು ಹಿಂಗ ಕಟ್ಟೋದ್ರೀ" ಎಂದಳು ಗಟ್ಟಿಯಾಗಿ. "ಗೆದ್ದ ಕುದುರಿನ್ನ ಮೈದಾನ ಸುತ್ತಿಸಬ್ಯಾಡೇನು?"

ಹಸಿ ಸುಳ್ಳು. ಆದರೆ ಕುದುರೆಯ ಯಜಮಾನರಿಗೆ ಅದು ಬಹಳ ಇಷ್ಟವಾಗಿರಬೇಕು. ಲಗಾಮನ್ನು ಕುದುರೆಯ ಕೊರಳ ಮೇಲೆ ಬಿಟ್ಟು, "ನಡಸ್ರಿ ಯವ್ವಾ" ಎಂದು ತಾವು ಪಕ್ಕಕ್ಕೆ ಸರಿದರು.

ಎತ್ತಿನ ಕೋಡಿನ ಅಳತೆ, ರಿಬ್ಬನ್ನು ಗಿಡ್ಡ. ಹಾಗಾಗಿ ಅಕ್ಕ ಕುದುರೆಯ ಗಲ್ಲಕ್ಕೆ ಭುಜ ತಾಗಿಸಿಕೊಂಡೇ ನಡೆಯಬೇಕಾಯಿತು. ಜನ ಶಿಳ್ಳೆ ಹಾಕಿದರು. ಹಾರ ಹಿಡಿದು ನಿಂತಿದ್ದ ಸಾಹೇಬರೂ ಅದನ್ನು ತೋಳಿಗೆ ಏರಿಸಿಕೊಂಡು ಚಪ್ಪಾಳೆ ತಟ್ಟಿದರು. ಸುತ್ತು ಮುಗಿಸಿ ನಮ್ಮ ಮುಂದೆ ಬಂದಾಗ ಅಕ್ಕ ಮುಂಗೈ ಎತ್ತಿ ಕೂಗಿದಳು.

"ಅಪ್ಪಾ, ಲಗಾಮಲ್ಲ ಇದು, ರಿಬ್ಬನ್ನು!"

ಅಪ್ಪ ಕೋಲೂರಿ ಎದ್ದು ನಿಂತ. ಬೈಯುತ್ತಾನೇನೋ ಎಂದು ನಾನು ಅವನ ಕೈ ಹಿಡಿದುಕೊಂಡೆ.

"ಇನ್ನೊಂದು ಸುತ್ತು ಹಾಕಬೇ ಯವ್ವಾ!" ಎಂದು ಕೂಗಿದ ಅಪ್ಪ.